ಮಂಡಕ್ಕಿ ಚೀಲದಲ್ಲಿ ಕರಡಿಯ ಹೆಜ್ಜೆ

ಕೊಟ್ಟೂರು

ನಾನು ಪರದೇಶ ಕಂಡದ್ದು ಒಂದೇ ಸಲ, ಅದೂ ಕರಡಿಯ ದಯದಿಂದ. ತೊಂಬತ್ತರ ದಶಕದ ಕೊನೆಯ ಮಾತು. ಆಗ ಕೊಟ್ಟೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ರಜೆ ಸಿಕ್ಕರೆ ಸಾಕು, ಕೂಡ್ಲಿಗಿ ಆಚೆಯ ಬಂಡೆಗುಡ್ಡಗಳಲ್ಲಿ ಕರಡಿಯ ಜಾಡು ಹಿಡಿದು ಅಲೆಯುತ್ತಿದ್ದೆ. ಕಾನಹೊಸಹಳ್ಳಿಯಲ್ಲಿ ಬಸ್ಸಿಳಿದು ಗುಡ್ಡದ ಕಡೆ ಮುಖ ಮಾಡಿದರೆ ಚಹಾದಂಗಡಿಯವರು "ಸರ್ ಬೀಗರ ಮನಿಗೆ ಹೊಂಟ್ರು ನೋಡ್ರಿ" ಎಂದು ನಗುತ್ತಿದ್ದರು. ಹುಡುಗರು ಕರಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರಿನಲ್ಲಿ ನನ್ನ ತಲೆಗೂದಲಿನ ಪಾಲೂ ಇತ್ತೆನ್ನಿ.

ಜಗತ್ತಿನ ಕರಡಿಗಳ ಬಗ್ಗೆ ತಲೆ ಕೆಡಿಸಿಕೊಂಡವರದೊಂದು ಸಂಘವಿದೆ. ಅವರು ಕೆಲವು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಸೇರುತ್ತಾರೆ. ಆ ಸಲ ಸ್ಲೊವೇನಿಯಾದ ಸರದಿ. ನಮ್ಮಂಥ ಬಡ ದೇಶದವರ ಕೆಲಸ ನೋಡಿ, ಒಪ್ಪಿಗೆಯಾದರೆ ವಿಮಾನದ ಖರ್ಚು ಕೊಟ್ಟು, ಅಲ್ಲಿಯೇ ಯಾರದಾದರೂ ಮನೆಯಲ್ಲಿ ಊಟ ವಸತಿಗೆ ಏರ್ಪಾಡು ಮಾಡುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಟ್ರಾವೆಲ್ ಅವಾರ್ಡ್. ನಾನು ಅರ್ಜಿ ಹಾಕಿ ಮರೆತೇ ಬಿಟ್ಟಿದ್ದೆ. ಬಂದೇ ಬಂತು.

ಅವಾರ್ಡ್ ಎಂಬ ಒಂದು ಮಾತು ಊರಿಗೆ ಸಾಕಾಯಿತು. "ಇದು ಬಹುಮಾನ ಅಲ್ರಪಾ, ಹೋಗಿಬರಾಕ ಕೊಡೋ ನೆರವು" ಎಂದು ನಾನೆಷ್ಟು ಬಡಕೊಂಡರೂ ಕೇಳುವವರಿಲ್ಲ. ಕಾಲೇಜಿನಲ್ಲೊಂದು ಸನ್ಮಾನ, ವರ್ತಕರದೊಂದು ಸನ್ಮಾನ, ಹಡಗಲಿಯ ಹಳೆ ವಿದ್ಯಾರ್ಥಿಗಳದು ಇನ್ನೊಂದು. ಹಡಗಲಿಯವರು ಮಲ್ಲಿಗೆ ಹಾರ ಹಾಕಿದರು, ಅವರು ಮತ್ತೇನು ತಂದಾರು! ಕನ್ನಡ ಮೇಷ್ಟ್ರು ಜಾಂಬವಂತನಿಂದ ಭಾಷಣ ಶುರು ಮಾಡಿ ನನ್ನ ತನಕ ಬರುವಷ್ಟರಲ್ಲಿ ಮೈಕಿನವನು ಊಟಕ್ಕೆ ಹೋಗಿದ್ದ. ಏನೂ ಸಾಧಿಸದೆ ಶಾಲು ಹೊದ್ದವನ ಸಂಕಟ ಹೊದ್ದವನಿಗೇ ಗೊತ್ತು.

ನಾನು ಹೊರಟದ್ದು ಒಂದು ಚುಕ್ಕೆಗಾಗಿ. ಆ ಸಂಘದವರು ಕರಡಿಗಳ ನಕ್ಷೆಯೊಂದನ್ನು ಅಚ್ಚು ಹಾಕಿಸುತ್ತಾರೆ. ಕರಡಿ ಇರುವ ಜಾಗದ ಮೇಲೆಲ್ಲ ಕಪ್ಪು ಚುಕ್ಕೆ. ನಮ್ಮ ಸೀಮೆಯ ಮೇಲೆ ಒಂದೂ ಇರಲಿಲ್ಲ. ನನ್ನ ಗುಡ್ಡಕ್ಕೆ ಜಲ್ಲಿ ಒಡೆಯುವ ಯಂತ್ರ ಬರುತ್ತದೆಂಬ ಸುದ್ದಿ ಹಬ್ಬಿದಾಗ ಅದಕ್ಕೆ ಪರವಾನಗಿ ಕೊಡುವ ಕಚೇರಿಗೆ ಹೋಗಿ, ಅಲ್ಲಿ ಕರಡಿಗಳಿವೆ ಎಂದು ಹೇಳಿದ್ದೆ. ಅಧಿಕಾರಿ ನನ್ನನ್ನು ನಿಲ್ಲಿಸಿಕೊಂಡೇ ಆ ನಕ್ಷೆಯ ಪ್ರತಿ ತೆಗೆದು, "ಎಲ್ಲಿ ಅದಾವ್ರಿ ಸರ? ಇದರಾಗ ನಿಮ್ಮ ಕಡಿ ಖಾಲಿ ಐತಲ್ಲ" ಎಂದು ನನ್ನ ಕಡೆ ತಿರುಗಿಸಿದರು. ಕರಡಿಗೆ ನಕ್ಷೆ ಓದಲು ಬರುವುದಿಲ್ಲ, ಅಧಿಕಾರಿಗೆ ಗುಡ್ಡ ಹತ್ತಲು ಬರುವುದಿಲ್ಲ. ನಡುವೆ ನಾನು. ಸ್ಲೊವೇನಿಯಾದಲ್ಲಿ ನಕ್ಷೆಯ ಸಮಿತಿ ಕೂಡುತ್ತದೆ, ಪುರಾವೆ ಒಪ್ಪಿದರೆ ಹೊಸ ಚುಕ್ಕೆ ಇಡುತ್ತದೆ ಎಂದು ತಿಳಿದಾಗಲೇ ನಾನು ಅರ್ಜಿ ಹಾಕಿದ್ದು.

ಹರಪನಹಳ್ಳಿ

ಪುರಾವೆಯೆಂದರೆ ಒಂದು ಫೋಟೋ, ಎರಡು ಪ್ಲಾಸ್ಟರ್ ಅಚ್ಚು. ಫೋಟೋದಲ್ಲಿ ಕರಡಿಗಿಂತ ಬಂಡೆಯೇ ಚೆನ್ನಾಗಿ ಬಿದ್ದಿತ್ತು. ಅಚ್ಚುಗಳಲ್ಲಿ ಮಾತ್ರ ನನ್ನ ಜೀವವಿತ್ತು. ಮಳೆ ಬಂದ ಮರುದಿನ ಕರಡಿ ಹುತ್ತ ಕೆದರಿ, ಗೆದ್ದಲು ತಿಂದು, ಅಲ್ಲೇ ಹೊರಳಾಡಿ ಹೋದ ಜಾಗದಲ್ಲಿ ಹಸಿ ಕೆಮ್ಮಣ್ಣಿನ ಹೆಜ್ಜೆಗೆ ಪ್ಲಾಸ್ಟರ್ ಹುಯ್ದು ಎತ್ತಿದ ಅಚ್ಚುಗಳವು. ಸಂದಿಯಲ್ಲೆಲ್ಲ ಮಣ್ಣು, ಗೆದ್ದಲಿನ ತಲೆ, ಕರಡಿಯ ಕರಿಗೂದಲು ಹಾಗೆಯೇ ಅಂಟಿಕೊಂಡಿದ್ದವು. ನಮ್ಮ ಕಸುಬಿನಲ್ಲಿ ಇಂಥ ಅಚ್ಚನ್ನು ತೊಳೆಯಬಾರದು. ಬರೀ ಹೆಜ್ಜೆಯನ್ನು ಬೀದಿಯಲ್ಲಿ ಆಡಿಸುವ ಕರಡಿಯಿಂದಲೂ ತೆಗೆಯಬಹುದು. ಮಣ್ಣು, ಗೆದ್ದಲು, ಕೂದಲು ಮೂರೂ ಕೂಡಿದ್ದರೆ ಮಾತ್ರ ಅದು ಗುಡ್ಡದ ಕರಡಿ ಎಂದು ನಂಬುತ್ತಾರೆ.

ಇವು ಒಡೆಯದಂತೆ ಅಷ್ಟು ದೂರ ಒಯ್ಯುವುದು ಹೇಗೆಂದು ನಾನು ಚಿಂತೆ ಮಾಡುತ್ತಿದ್ದರೆ ಹೆಂಡತಿ ಕೊಟ್ರಮ್ಮ, "ಅದಕ್ಯಾಕ ಇಷ್ಟು ವಿಚಾರ ಮಾಡ್ತೀರಿ? ಮಂಡಕ್ಕಿಯಾಗ ಇಟ್ಟರಾತು" ಎಂದಳು. ಅವಳ ತವರು ಹರಪನಹಳ್ಳಿ, ತಂದೆಯದು ಮಂಡಕ್ಕಿ ಭಟ್ಟಿ. ಆ ಮನೆಯಲ್ಲಿ ಒಡೆಯುವ ವಸ್ತು ಯಾವುದೇ ಇರಲಿ, ಮಂಡಕ್ಕಿಯಲ್ಲಿ ಹೂತೇ ಸಾಗಿಸುವುದು. ನಮ್ಮ ಮದುವೆಗೆ ಕೊಟ್ಟ ಕನ್ನಡಿ ಕೂಡ ಮಂಡಕ್ಕಿ ಚೀಲದಲ್ಲಿ ಕೂತು ಬಂದಿತ್ತು. ಕನ್ನಡಿಗೊಂದು ಗೀರು ಬಿದ್ದಿರಲಿಲ್ಲ. ಮಂಡಕ್ಕಿಯನ್ನು ನಮ್ಮ ಮನೆಯವರು ವಾರಗಟ್ಟಲೆ ತಿಂದರು.

ಭಟ್ಟಿಗೆ ಹೋದೆವು. ಮಾವನವರಿಗೆ ಸಂಭ್ರಮ. ಅಕ್ಕಿಗೆ ಉಪ್ಪುನೀರು ಹಾಕುತ್ತಿದ್ದ ಆಳನ್ನು ಕೂಗಿ, "ಅಳಿಯಂದ್ರು ಫಾರಿನ್ನಿಗೆ ಹೊಂಟಾರೆ. ಅಲ್ಲಿ ಉಣ್ಣಾಕೆ ಏನು ಸಿಗ್ತೈತೋ ಏನೋ. ಉಪ್ಪು ಒಂದು ಹಿಡಿ ಜಾಸ್ತಿ ಹಾಕು, ರುಚಿ ಬರ್ಲಿ" ಎಂದರು.

"ಉಪ್ಪು ಜಾಸ್ತಿ ಆದ್ರ ಗಾಳಿ ಹತ್ತಿದ ಕೂಡ್ಲೆ ಮೆತ್ತಗಾಗತೈತಲ್ಲಪ್ಪಾ" ಎಂದಳು ಕೊಟ್ರಮ್ಮ.

"ಮಂಡಕ್ಕಿ ವಿಷ್ಯ ನನಗೇ ಹೇಳ್ಕೊಡ್ತೀಯೇನಮ್ಮ? ಬಾಯಿ ಬಿಗಿಯಾಗಿ ಕಟ್ಟಿದ್ರೆ ಎಲ್ಲಿ ಮೆತ್ತಗಾಗ್ತೈತೆ?"

ಅಪ್ಪನ ಪ್ರೀತಿಯ ಮುಂದೆ ಮಗಳ ತಿಳಿವಳಿಕೆ ನಡೆಯಲಿಲ್ಲ. ಅವಳು ಬಿಸಿ ಮಂಡಕ್ಕಿ ಆರಿದ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಾಸು ಹಾಕಿ, ಅಚ್ಚು ಇಟ್ಟು, ಮೇಲೆ ಮತ್ತೆ ಮಂಡಕ್ಕಿ ಸುರಿದು, ಬಾಯಿಗೆ ಹುರಿ ಬಿಗಿದಳು. "ಅಲ್ಲಿಗೆ ಮುಟ್ಟೋ ತನಕ ಬಿಚ್ಚಬ್ಯಾಡ್ರಿ. ಮುಟ್ಟಿದ ಮ್ಯಾಲೆ ಹೆಜ್ಜಿ ತಗದು ಕೊಡ್ರಿ, ಮಂಡಕ್ಕಿ ತಿನ್ರಿ."

"ಕರಡಿ ಕಾಲಿಗೆ ತಾಗಿದ್ದನ್ನ?"

"ತಾಗಿದ್ದು ಬಿಡ್ರಿ, ತಾಗಲಾರದ್ದು ತಿನ್ರಿ. ಅದನ್ನೂ ಹೇಳಬೇಕೇನ್ರಿ ಮೇಷ್ಟ್ರಿಗೆ?"

ವಿಮಾನ ನಿಲ್ದಾಣ

ವಿಮಾನದ ವರ್ಣನೆ ನನ್ನಿಂದಾಗದು. ಕಿವಿ ಮುಚ್ಚಿಕೊಂಡಿತು, ಮೊಣಕಾಲು ಹಿಡಿದುಕೊಂಡಿತು, ಪಕ್ಕದವನು ನಿದ್ದೆಯಲ್ಲಿ ನನ್ನ ಭುಜಕ್ಕೆ ಒರಗಿಕೊಂಡ. ಕೊಟ್ಟೂರು-ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲೂ ಇಷ್ಟೇ ಆಗುವುದು. ಅಲ್ಲಿ ಕಿಟಕಿಯಾದರೂ ತೆರೆಯುತ್ತದೆ.

ಇಳಿದ ಮೇಲೆ ಸುಂಕದವರ ಮೇಜು. ನೀಲಿ ಅಂಗಿಯ ಯುವಕ ನನ್ನ ಪೆಟ್ಟಿಗೆ ತೆರೆದ. ಬಿಳಿ ಮಂಡಕ್ಕಿ ತುಂಬಿದ ಚೀಲ ನೋಡಿ ಅವನ ಮುಖ ಬಿಗಿಯಿತು. ಬಿಚ್ಚಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹುರಿ ಕತ್ತರಿಸಿ, ಚೀಲ ಸೀಳಿ, ಒಳಗೆ ಕೈ ಹಾಕಿದ. ಹೊರಗೆ ಬಂದದ್ದು ಉದ್ದ ಉಗುರಿನ ಒಂದು ಪಾದ. ಅವನು ಅದನ್ನು ಕೆಳಗಿಡಲಿಲ್ಲ, ಮೇಲೂ ಎತ್ತಲಿಲ್ಲ, ಹಾಗೇ ಹಿಡಿದು ನಿಂತ.

ನಾನು ಸಂಘದ ಪತ್ರ ತೋರಿಸಿದೆ. ಪಾದಕ್ಕೆ ಉತ್ತರ ಸಿಕ್ಕಿತು, ಮಂಡಕ್ಕಿಗೆ ಸಿಗಲಿಲ್ಲ. ಕಡೆಗೆ ಮೇಲಿನದೊಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದೆ. ಅವನು ಅತ್ತಿತ್ತ ನೋಡಿ ತಾನೂ ಒಂದು ಕಾಳು ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಪೆಟ್ಟಿಗೆ ಬಿಟ್ಟುಕೊಟ್ಟ. ಸೀಳಿದ ಚೀಲಕ್ಕೆ ಅಂಟುಪಟ್ಟಿ ಹಚ್ಚಿಕೊಟ್ಟನಾದರೂ ಅದು ಕೊಟ್ರಮ್ಮನ ಗಂಟಿಗೆ ಸಮವೇ?

ಹೊರಗೆ ಬಂದರೆ ತೆಳ್ಳಗೆ ಮಳೆ, ದಟ್ಟ ಮಂಜು. ನಮ್ಮಲ್ಲಿ ಮಳೆಗಾಗಿ ಕತ್ತೆಗಳಿಗೆ ಮದುವೆ ಮಾಡುತ್ತೇವೆ. ಅಲ್ಲಿ ಯಾರೂ ತಲೆ ಎತ್ತಿ ಕೂಡ ನೋಡುತ್ತಿರಲಿಲ್ಲ.

ಮಿಲ್ಕಮ್ಮನ ಮನೆ

ಸಮ್ಮೇಳನದ ಕಾರ್ಯದರ್ಶಿ ಯಾನೆಜ್ ಎಂಬ ತರುಣ ನನ್ನನ್ನು ಕಾಡಂಚಿನ ಒಂದು ಸಣ್ಣ ಊರಿಗೆ, ತನ್ನ ಅತ್ತೆಯ ಮನೆಗೆ ಕರೆದೊಯ್ದ. ಅತ್ತೆಯ ಹೆಸರು ಮಿಲ್ಕಾ. ನಿವೃತ್ತ ನರ್ಸು, ಒಂಟಿ ಜೀವ, ಬೆಳ್ಳಿಗೂದಲು. ನಮ್ಮ ಕಡೆ ಆ ವಯಸ್ಸಿನವರನ್ನು ಬರೀ ಹೆಸರಿನಿಂದ ಕರೆಯುವ ಪದ್ಧತಿಯಿಲ್ಲ. ಮಿಲ್ಕಮ್ಮ ಎಂದೆ. ಅರ್ಥ ಕೇಳಿದರು. ಹೇಳಿದೆ. ಊರಿನವರಿಗೆಲ್ಲ ಇನ್ನು ಮುಂದೆ ಹಾಗೇ ಕರೆಯಲು ಹೇಳುವುದಾಗಿ ನಕ್ಕರು.

ಬಾಗಿಲಲ್ಲೇ ಚಪ್ಪಲಿ ಬಿಡಿಸಿದ್ದು ನೋಡಿ ನನಗೆ ಅರ್ಧ ಧೈರ್ಯ ಬಂತು. ಮಾಂಸ, ಮೊಟ್ಟೆ ತಿನ್ನುವುದಿಲ್ಲವೆಂದು ಯಾನೆಜ್ ಮೊದಲೇ ಹೇಳಿದ್ದನಂತೆ. ಅವರು ಬಟ್ಟಲಲ್ಲಿ ತಂದಿಟ್ಟದ್ದನ್ನು ನೋಡಿ ಉಳಿದರ್ಧವೂ ಬಂತು. ಯಾವುದೋ ಕಪ್ಪು ಧಾನ್ಯದ ಹಿಟ್ಟನ್ನು ಬೇಯಿಸಿ ಉದುರು ಮಾಡಿ, ಮೇಲೆ ಹುಳಿ ಮಜ್ಜಿಗೆಯಂಥದ್ದು ಸುರಿದಿದ್ದರು. ಜೋಳದ ನುಚ್ಚು, ಮಜ್ಜಿಗೆ! ಅಷ್ಟು ದೂರ ಹಾರಿ ಹೋಗಿ ನನ್ನವ್ವನ ಊಟ ಉಂಡೆ. ಮತ್ತೊಮ್ಮೆ ಹಾಕಿಸಿಕೊಂಡೆ. ಮಿಲ್ಕಮ್ಮನಿಗೆ ಅತಿಥಿಯೊಬ್ಬ ಅದನ್ನು ಎರಡನೆ ಸಲ ಕೇಳಿದ್ದೇ ದೊಡ್ಡ ಸಮಾಧಾನ. ಅಲ್ಲಿಯ ಹುಡುಗರು ಅದನ್ನು ಮುಟ್ಟುವುದಿಲ್ಲವಂತೆ. ನಮ್ಮ ಹುಡುಗರೇನು ಬೇರೆಯೇ?

ಊಟವಾದ ಮೇಲೆ ಚೀಲ ತೆರೆದೆ. ಕೊಟ್ರಮ್ಮನ ಮಾತೇ ನಿಜವಾಗಿತ್ತು. ಮಂಡಕ್ಕಿ ತೇವ ಹೀರಿ ಮೆತ್ತಗಾಗಿ, ಮುದ್ದೆಮುದ್ದೆಯಾಗಿ ಅಚ್ಚುಗಳಿಗೆ ಕಚ್ಚಿಕೊಂಡಿತ್ತು. ಅಚ್ಚು ಮಾತ್ರ ಮುಕ್ಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಮಂಡಕ್ಕಿ ಮೆತ್ತಗಾದರೆ ಒಲೆಯ ಬದಿಗಿಡುತ್ತೇವೆ, ಮತ್ತೆ ಗರಿಗರಿಯಾಗುತ್ತದೆ. ಹಾಗೆಯೇ ಇಲ್ಲಿಯೂ ಮಿಲ್ಕಮ್ಮನ ಒಲೆಯ ಹತ್ತಿರ ಚೀಲವನ್ನು ಬಾಯಿ ತೆರೆದಿಟ್ಟು, ಒಣಗಿದ ಮೇಲೆ ಮೆಲ್ಲಗೆ ಬಿಡಿಸೋಣವೆಂದು ಮಲಗಿದೆ. ಅವರಿಗೆ ಒಂದು ಮಾತು ಹೇಳಿರಲಿಲ್ಲ.

ಹಕ್ಕಿಗಳ ಹಲಗೆ

ಬೆಳಿಗ್ಗೆ ಯಾನೆಜ್ ಜೊತೆ ಸಭಾಂಗಣ ನೋಡಿ ಬಂದೆ. ಅಡುಗೆಮನೆಯ ಮೇಜಿನ ಮೇಲೆ ಕಸೂತಿ ಬಟ್ಟೆ ಹಾಸಿತ್ತು. ಅದರ ಮೇಲೆ ಎರಡು ಅಚ್ಚುಗಳು ಹಾಲಿನಷ್ಟು ಬೆಳ್ಳಗೆ ಹೊಳೆಯುತ್ತಿದ್ದವು. ಮಿಲ್ಕಮ್ಮ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ತುಂಬಾ ಕೊಳೆಯಾಗಿದ್ದವು" ಎಂದರು ತಮ್ಮ ತುಂಡು ಇಂಗ್ಲಿಷಿನಲ್ಲಿ. "ಬ್ರಷ್ ಹಾಕಿ ಉಜ್ಜಿದೆ. ದೊಡ್ಡವರು ನೋಡುತ್ತಾರಲ್ಲ."

ಸನ್ಮಾನಕ್ಕೆ ಹೊರಟ ಮಗುವಿನ ಮುಖ ತೊಳೆದು ನಿಲ್ಲಿಸಿದಂತೆ ಅವರು ನನ್ನ ಕರಡಿಯ ಕಾಲು ತೊಳೆದು ನಿಲ್ಲಿಸಿದ್ದರು. ಬೈಯುವುದು ಯಾರನ್ನು? ಗುಡ್ಡ ಕಣ್ಣ ಮುಂದೆ ಬಂತು, ಆ ಖಾಲಿ ನಕ್ಷೆ ಬಂತು. ನಿಜ ಹೇಳುತ್ತೇನೆ, ಅಳು ಬಂತು.

"ಇದಕ್ಕೆ ಅಂಟಿದ್ದ ಬಿಳಿಯದು? ಅದೆಲ್ಲಿ?" ಎಂದೆ.

ಪ್ಯಾಕಿಂಗಿನ ಸಾಮಾನೆಂದು ಮೊದಲು ಎಸೆಯಲು ಹೋದರಂತೆ. ಮೂಸಿದರೆ ಅಕ್ಕಿಯ ವಾಸನೆ. ಅನ್ನ ಎಸೆಯಬಾರದೆಂದು ಹಿತ್ತಲಿನ ಹಕ್ಕಿಗಳಿಗೆ ಹಾಕಿದ್ದರು. ಕಿಟಕಿಯಾಚೆ ಸೇಬಿನ ಮರದ ಕೆಳಗೆ ಒಂದು ಹಲಗೆ, ಅದರ ಮೇಲೆ ನಮ್ಮ ಹರಪನಹಳ್ಳಿ ಮಂಡಕ್ಕಿ, ಸುತ್ತ ಹಳದಿ ಎದೆಯ ಪುಟ್ಟ ಹಕ್ಕಿಗಳು.

ಮನೆಯೊಳಗೆ ಹಾಕಿಕೊಳ್ಳಲು ಮಿಲ್ಕಮ್ಮ ಕೊಟ್ಟಿದ್ದ ಬಟ್ಟೆ ಚಪ್ಪಲಿಯಲ್ಲೇ ಓಡಿದೆ. ಜೋಳದ ಹೊಲದಲ್ಲಿ ಕೂಗುವಂತೆ "ಹೋ! ಹೋ!" ಎಂದು ಕೈ ಬೀಸಿದೆ. ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ಹಕ್ಕಿಗಳು ಹಾರಿದವು. ನೋಡಿದರೆ ಮುದ್ದೆಗಳು ಹೆಚ್ಚುಕಡಿಮೆ ಹಾಗೇ ಇದ್ದವು. ಕುಕ್ಕಿ ನೋಡಿ ಬಿಟ್ಟಿದ್ದವು. ಮಾವನವರ ಆ ಒಂದು ಹಿಡಿ ಉಪ್ಪು ಅಲ್ಲಿಯ ಹಕ್ಕಿಗಳ ಬಾಯಿಗೆ ಹಿಡಿಸಿರಲಿಲ್ಲ.

ಒಂದು ಮುದ್ದೆ ಎತ್ತಿ ಬೆಳಕಿಗೆ ಹಿಡಿದೆ. ಮೆತ್ತಗಾದ ಮಂಡಕ್ಕಿ ಅಚ್ಚಿನಿಂದ ಬಿಟ್ಟು ಬರುವಾಗ ಬರಿಗೈಯಲ್ಲಿ ಬಂದಿರಲಿಲ್ಲ. ಕೆಮ್ಮಣ್ಣಿನ ಹೆಕ್ಕಳಿಕೆ, ಗೆದ್ದಲಿನ ಒಂದು ತಲೆ, ಉದ್ದನೆಯ ಒಂದು ಕರಿಗೂದಲನ್ನು ಹಿಡಿದುಕೊಂಡೇ ಬಂದಿತ್ತು.

ಹಿಂದೆ ಮಿಲ್ಕಮ್ಮ ನಿಂತಿದ್ದರು. ಕೂದಲು ತೋರಿಸಿ, ತೊಳೆಯಬಾರದಿತ್ತು ಎಂದು ಹೇಳಿದೆ. ಅವರ ಮುಖ ಅಚ್ಚಿಗಿಂತ ಬೆಳ್ಳಗಾಯಿತು. ಸರ್ರನೆ ಒಳಗೆ ಹೋದರು. ಬೇಸರವಾಯಿತೇನೋ ಅಂದುಕೊಂಡೆ. ಎರಡು ಬಿಳಿ ತಟ್ಟೆ, ಒಂದು ಚಿಮಟ, ಮೂಗಿನ ಮೇಲೆ ಕನ್ನಡಕ, ಹೀಗೆ ಬಂದರು. ತೇವದ ಹುಲ್ಲಿನ ಮೇಲೆ ಮೊಣಕಾಲೂರಿ ಕೂತೇಬಿಟ್ಟರು.

ಇಬ್ಬರೂ ಆರಿಸಿದೆವು. ನಮ್ಮ ಪಡಸಾಲೆಯಲ್ಲಿ ಕೊಟ್ರಮ್ಮ ಮತ್ತು ನನ್ನವ್ವ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರಲ್ಲ, ಹಾಗೆ. ಇಲ್ಲಿ ಕಲ್ಲು ಇಟ್ಟುಕೊಂಡು ಅಕ್ಕಿ ಬಿಡುವುದು. ಒಂದೊಂದು ಕೂದಲು ಸಿಕ್ಕಾಗಲೂ ಮಿಲ್ಕಮ್ಮ ಚಿಮಟ ಎತ್ತಿ ತೋರಿಸುವರು. ಗಾಯದ ಹೊಲಿಗೆ ಬಿಚ್ಚಿದ ಕೈ, ಒಂದನ್ನೂ ತುಂಡು ಮಾಡಲಿಲ್ಲ. ಮಂಡಕ್ಕಿ ಬಿಟ್ಟುಕೊಡದ ಕಡೆ ಮುದ್ದೆಯನ್ನೇ ತಟ್ಟೆಗಿಟ್ಟೆವು.

"ನಿಮ್ಮ ಕರಡಿಯನ್ನು ನಾನೇ ಕಳೆದೆ" ಎಂದರು ತಲೆ ತಗ್ಗಿಸಿಕೊಂಡು.

"ನಮ್ಮಲ್ಲಿ ಯಾರೂ ಅತಿಥಿಯ ಸಾಮಾನು ಇಷ್ಟು ಚೆನ್ನಾಗಿ ತೊಳೆದುಕೊಡುವುದಿಲ್ಲ" ಎಂದೆ. ನಗಿಸಲು ಹೇಳಿದ್ದು. ಅವರು ಕಣ್ಣೊರೆಸಿಕೊಂಡರು.

ಸಮಿತಿಯ ಕೋಣೆ

ನೆರವು ಪಡೆದವರನ್ನು ಮೊದಲ ದಿನವೇ ವೇದಿಕೆಗೆ ಕರೆದರು. ಹೆಸರು ಓದಿದರು, ಕೈ ಕುಲುಕಿದರು, ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಮುಗಿಯಿತು. ಶಾಲಿಲ್ಲ, ಹಾರವಿಲ್ಲ, ಜಾಂಬವಂತನ ಸುದ್ದಿಯೇ ಇಲ್ಲ. ನಮ್ಮೂರಿನಲ್ಲಿ ಬಸ್ಸಿಗೆ ಬೀಳ್ಕೊಡುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ನನಗೆ ಅದೇ ಹಿತವಾಯಿತು. ಹೊತ್ತು ತಂದಿದ್ದ ಭಾರ ಇಳಿದಂತಾಯಿತು.

ನಕ್ಷೆಯ ಸಮಿತಿ ಮರುದಿನ. ಮಿಲ್ಕಮ್ಮ ತಾವೂ ಬರುತ್ತೇನೆಂದು ಹಟ ಹಿಡಿದು, ಒಳ್ಳೆಯ ಕೋಟು ತೊಟ್ಟು, ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಸಮಿತಿಯ ಅಧ್ಯಕ್ಷರು ಬಿಳಿಗಡ್ಡದ ಹಿರಿಯರು, ಕಡಿಮೆ ಮಾತಿನವರು. ಫೋಟೋ ನೋಡಿ ಪಕ್ಕಕ್ಕಿಟ್ಟರು. ಅಚ್ಚು ಎತ್ತಿ ತಿರುಗಿಸಿ, "ತೊಳೆದಿದ್ದೀರಿ" ಎಂದರು. ಆ ಒಂದು ಮಾತಿನಲ್ಲಿ ನನ್ನ ಗುಡ್ಡ ಅರ್ಧ ಜಲ್ಲಿಯಾಯಿತು.

ತಟ್ಟೆ ಮುಂದಿಟ್ಟೆ. ಅವರು ಒಂದು ಮುದ್ದೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ಕಣ್ಣು ಎತ್ತಲಿಲ್ಲ.

"ಕೂದಲು ಸರಿ. ನಿಮ್ಮ ಕಡೆಯ ಕರಡಿಯದೇ. ಗೆದ್ದಲಿನ ತಲೆಯೂ ಸರಿ. ಇದು ಕೆಂಪು ಮಣ್ಣು. ಆದರೆ ಈ ಬಿಳಿಯದು? ಯಾವ ಹುಳುವಿನ ಗೂಡು ಇದು? ನಾನು ಕಂಡಿಲ್ಲ."

ಸಮಿತಿಯವರೆಲ್ಲ ಸರದಿಯಲ್ಲಿ ಬಗ್ಗಿ ನೋಡಿದರು. ಒಬ್ಬಾಕೆ ಇದು ಗೆದ್ದಲಿನ ಮೊಟ್ಟೆಗಳ ಕೋಶವಿರಬಹುದೆಂದರು. ಇನ್ನೊಬ್ಬರು ಒಪ್ಪಲಿಲ್ಲ, ಗಾತ್ರ ಹೊಂದುವುದಿಲ್ಲವೆಂದರು. ವಾದ ಏರುತ್ತಿತ್ತು.

"ಅದು ನಮ್ಮ ಮಾವನವರ ಮಂಡಕ್ಕಿ" ಎಂದೆ.

ಇನ್ನು ಮುಚ್ಚಿಡುವುದೇನಿದೆ? ಭಟ್ಟಿ, ಉಪ್ಪು, ಸುಂಕದ ಮೇಜು, ಒಲೆ, ಹಕ್ಕಿಗಳ ಹಲಗೆ, ಎಲ್ಲ ಹೇಳಿದೆ. ನಕ್ಕರು. ಅಧ್ಯಕ್ಷರು ನಗಲಿಲ್ಲ. "ಈ ಮಣ್ಣು ಈ ಅಚ್ಚಿನದೇ ಎಂದು ಹೇಗೆ ನಂಬುವುದು?" ಎಂದರು.

ಹಿಂದಿನಿಂದ ಕುರ್ಚಿ ಸರಿದ ಸದ್ದು. ಮಿಲ್ಕಮ್ಮ ಎದ್ದು ತಮ್ಮ ಭಾಷೆಯಲ್ಲಿ ಮಾತಾಡಿದರು. ಯಾನೆಜ್ ತಿಳಿಸಿ ಹೇಳಿದ. "ತೊಳೆದವಳು ನಾನು. ಎಷ್ಟು ಕೆಂಪು ನೀರು ಹೋಯಿತೆಂದು ನನ್ನ ಬಚ್ಚಲಿಗೆ ಗೊತ್ತು. ನಡುಬೆರಳಿನ ಉಗುರಿನ ಸಂದಿಗೆ ನನ್ನ ಬ್ರಷ್ ಹೋಗಲಿಲ್ಲ. ಅಲ್ಲಿ ಇನ್ನೂ ಇದೆ, ನೋಡಿ."

ಅಧ್ಯಕ್ಷರು ಸೂಜಿಯಿಂದ ಆ ಸಂದಿ ಕೆದಕಿದರು. ಕೆಂಪು ಪುಡಿ ಉದುರಿತು, ಜೊತೆಗೊಂದು ಗೆದ್ದಲಿನ ತಲೆ, ಒಂದು ತುಂಡು ಕರಿಗೂದಲು. ಪಕ್ಕದಲ್ಲಿ ಮಂಡಕ್ಕಿಯ ಮಣ್ಣಿಟ್ಟು ಎರಡನ್ನೂ ನೋಡಿದರು. ಜೇಬಿನಿಂದ ಪೆನ್ಸಿಲ್ ತೆಗೆದು, ಗೋಡೆಯ ನಕ್ಷೆಯ ಹತ್ತಿರ ನನ್ನನ್ನು ಕರೆದು, ಎಲ್ಲಿ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಅವರು ಸಣ್ಣದೊಂದು ಚುಕ್ಕೆ ಇಟ್ಟರು.

"ಈಗ ಪೆನ್ಸಿಲ್" ಎಂದರು. "ಕೂದಲು, ಮಣ್ಣು ಇಲ್ಲೇ ಇರಲಿ. ಬೇರೆ ಇಬ್ಬರು ನೋಡಬೇಕು. ಅವರೂ ಒಪ್ಪಿದರೆ ಹೊಸದಾಗಿ ಮುದ್ರಿಸುವ ನಕ್ಷೆಯಲ್ಲಿ ಶಾಯಿ."

ಹೊರಡುವ ದಿನ ಕೊಟ್ಟೂರಿನಲ್ಲಿ ಹೊದಿಸಿದ್ದ ಶಾಲೊಂದನ್ನು ಪೆಟ್ಟಿಗೆಯಿಂದ ತೆಗೆದು ಮಿಲ್ಕಮ್ಮನಿಗೆ ಹೊದಿಸಿದೆ. ಯಾಕೆ ಎಂದು ಕೇಳಿದರು. ನಮ್ಮಲ್ಲಿ ದೊಡ್ಡ ಕೆಲಸ ಮಾಡಿದವರಿಗೆ ಹೊದಿಸುತ್ತೇವೆ ಎಂದೆ. ಆ ಶಾಲು ಅಂದು ಸರಿಯಾದ ಹೆಗಲಿಗೆ ಹೋಯಿತು.

ಮತ್ತೆ ಕೊಟ್ಟೂರು

ಊರಿಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ. "ಏನ್ ತಂದ್ರಿ ಸರ?" ಒಂದು ಪೆನ್ಸಿಲ್ ಚುಕ್ಕೆ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಮಾವನವರಿಗೆ ಮಾತ್ರ, "ನಿಮ್ಮ ಉಪ್ಪಿನ ಋಣ ದೊಡ್ಡದು" ಎಂದೆ. ರುಚಿಯ ಮಾತೆಂದು ತಿಳಿದು ಹಿಗ್ಗಿದರು. ಗುಡ್ಡದ ಕಡೆ ಯಂತ್ರದ ಸುದ್ದಿ ಜೋರಾಗುತ್ತಿತ್ತು. ನಾನು ದಿನಾ ಅಂಚೆಯವನ ದಾರಿ ಕಾಯುತ್ತಿದ್ದೆ.

ಬೇಸಿಗೆ ಶುರುವಾಗುವಾಗ ಸ್ಲೊವೇನಿಯಾದಿಂದ ಒಂದು ಪೆಟ್ಟಿಗೆ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ ಮಿಲ್ಕಮ್ಮ ಎಂದೇ ಬರೆದಿತ್ತು. ಕೊಟ್ರಮ್ಮ ಕತ್ತರಿ ತಂದು ಬಿಚ್ಚಿದಳು. ಪೆಟ್ಟಿಗೆ ತುಂಬ ಮೆಕ್ಕೆಜೋಳದ ಅರಳು. ಅದರೊಳಗೆ ಕೈ ಹಾಕಿದರೆ ಜೇನುತುಪ್ಪದ ಗಾಜಿನ ಶೀಸೆ, ಒಂದು ಬಿರುಕಿಲ್ಲ. ತಳದಲ್ಲಿ ಸುರುಳಿ ಸುತ್ತಿದ ಹೊಸ ನಕ್ಷೆ.

ನೆಲದ ಮೇಲೆ ಹಾಸಿದೆ. ನಮ್ಮ ಸೀಮೆ ಹುಡುಕುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಇತ್ತು. ಕಪ್ಪು ಶಾಯಿಯ ಗುಂಡನೆಯ ಚುಕ್ಕೆ. ಅಷ್ಟು ದೊಡ್ಡ ನಕ್ಷೆಯಲ್ಲಿ ಅದು ಕೂಡ್ಲಿಗಿಯ ಗುಡ್ಡದ ಮೇಲಷ್ಟೇ ನಿಲ್ಲಲು ಸಾಧ್ಯವೇ? ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲವನ್ನೂ ಮುಚ್ಚಿಕೊಂಡು ಕೂತಿತ್ತು.

"ಹಂಗಾದ್ರ ಅಪ್ಪನ ಭಟ್ಟಿನೂ ಇದರಾಗ ಬಂತು" ಎಂದಳು ಕೊಟ್ರಮ್ಮ. ಆಮೇಲೆ ನಾಲ್ಕು ಅರಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಇಷ್ಟು ದಿನ ಪ್ರಯಾಣ ಮಾಡಿಯೂ ಅವು ಮೆತ್ತಗಾಗಿರಲಿಲ್ಲ.

"ಉಪ್ಪು ಹಾಕಿಲ್ಲ ನೋಡ್ರಿ. ಶ್ಯಾಣ್ಯಾ ಅದಾಳ ನಿಮ್ಮ ಮಿಲ್ಕಮ್ಮ."

ಮರುದಿನ ಮೊದಲ ಬಸ್ಸಿಗೆ ಹೊರಟೆ. ಅದೇ ಕಚೇರಿ, ಅದೇ ಅಧಿಕಾರಿ, ಅದೇ ಮೇಜು. ಈ ಸಲವೂ ನಿಂತುಕೊಂಡೇ ನಕ್ಷೆ ಬಿಚ್ಚಿ, ಅವರ ಕಡೆ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಚುಕ್ಕೆಯ ಮೇಲೆ ಬೆರಳಿಟ್ಟು ಒಮ್ಮೆ ಉಜ್ಜಿ ನೋಡಿದರು. ಅದು ಅಳಿಯಲಿಲ್ಲ.

"ಕುಂದರ್ರಿ ಸರ" ಎಂದರು.